ಎಣ್ಣೆಗೆಂಪು

ಹಿರೇಕೆರೂರು
ಗುರುವಾರ, 13 ಮಾರ್ಚ್ 2025, ಮಧ್ಯಾಹ್ನ

ಪ್ರೀತಿಯ ಶೈಲಾ,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಚಹಾ ಬಿಸ್ಕೀಟಿನ ಮೇಲೇ ದಿನ ತಳ್ಳುತ್ತಿದ್ದೀಯೋ? ಗದ್ದದ ಉರಿ ಕಡಿಮೆಯಾಯಿತಾ? ಸ್ಕೂಟಿ ಮೇಲೆ ಡ್ಯೂಟಿಗೆಂದು ತಡಸಕ್ಕೆ ಹೋಗುವಾಗ ಮುಖಕ್ಕೆ ಓಢಣಿ ಕಟ್ಟಿಕೊಳ್ಳುತ್ತೀಯಾ? ಇವೆಲ್ಲ ಫೋನಿನಲ್ಲಿ ಕೇಳುವ ಮಾತು, ನನಗೂ ಗೊತ್ತು. ಆದರೆ ನೀನು ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ನಾನು ಏನು ಕಳಿಸಿದರೂ ಒಂದೇ ಗೆರೆ ಬೀಳುತ್ತದೆ. ಎರಡನೇ ಗೆರೆ ಯಾಕೆ ಬರುವುದಿಲ್ಲ ಎಂದು ಪಕ್ಕದ ಮೊಬೈಲ್ ಅಂಗಡಿಯ ಮುಜಾಫರನನ್ನು ಕೇಳಿದೆ. ಅವನು ಪಾಪ, ನನ್ನ ಮುಖ ನೋಡಿ, "ನೆಟವರ್ಕ್ ಇರಲಿಕ್ಕಿಲ್ಲ ಬಿಡ್ರಿ ಅಕ್ಕಾರ" ಎಂದ. ಶಿಗ್ಗಾವಿಯಲ್ಲಿ ತಿಂಗಳಿಂದ ನೆಟವರ್ಕ್ ಇಲ್ಲವಂತೆ, ಕೇಳಿದೆಯಾ! ನಾನು ನಂಬಿದವಳ ಹಾಗೆ ತಲೆಯಾಡಿಸಿ ಅಂಗಡಿಗೆ ಬಂದು ಕುಳಿತೆ.

ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯಬೇಕು. ನಿನ್ನ ಅಪ್ಪ ಆರಾಮವಾಗಿಯೇ ಇದ್ದಾರೆ. ಮೊಣಕಾಲು ನೋವು ಎನ್ನುತ್ತಾರೆ, ಆದರೆ ಗೋವಿನಜೋಳದ ಲಾರಿ ಬಂತೆಂದರೆ ನೋವು ಎಲ್ಲಿ ಹೋಗುತ್ತದೋ, ಓಡಿ ಹೋಗಿ ಮೂಟೆ ಮುಟ್ಟಿ ನೋಡಿ ಬರುತ್ತಾರೆ. ನಾನು ಮಾತ್ರ ಆರಾಮವಿಲ್ಲ. ನಿನ್ನೆಯಿಂದ ಗಿರಾಕಿಗಳಿಗೆ ಚಿಲ್ಲರೆ ಕೊಡುವುದನ್ನೂ ಮರೆಯುತ್ತಿದ್ದೇನೆ. ಸೋಮವಾರ ಎಂಬ ಶಬ್ದ ಕೇಳಿದರೆ ಸಾಕು, ಕೆಲಸ ಅಲ್ಲೇ ಬಿಟ್ಟು ಎದ್ದು ನಿಲ್ಲುತ್ತೇನೆ.

ನಿನ್ನೆ ನಾನು ಒಂದು ಲಂಗದ ಅಸ್ತರು ಕತ್ತರಿಸುತ್ತಿದ್ದೆ. ನಿನ್ನ ಅಪ್ಪ ನಿನ್ನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿ, ಏನೋ ಒಳ್ಳೆಯ ಸುದ್ದಿ ಎನ್ನುವಂತೆ ಹೇಳಿದರು: "ಸೋಮವಾರ ದಾವಣಗೆರಿಗೆ ಹೊಂಟಾಳಂತ. ಅಲ್ಲಿ ಮತ್ತೊಂದು ಲೇಸರ್ ಐತಂತ. ಕಲೀನೂ ತೆಗೀತಾರಂತ, ಉಳದ ಕೂದಲಾನೂ ತೆಗೀತಾರಂತ." ನನ್ನ ಕತ್ತರಿ ಅಲ್ಲೇ ಸೊಟ್ಟ ಹೋಯಿತು. ಮತ್ತೇನು ಹೇಳಿದಳು ಎಂದು ಕೇಳಿದೆ. "ಹುಬ್ಬಳ್ಳಿಯಾಗಿನ ಮಷೀನ ಖರಾಬ ಇತ್ತಂತ, ಆ ಹುಡುಗಿ ಪವರ್ ಜಾಸ್ತಿ ಇಟ್ಲಂತ. ಚರ್ಮದ ನಂಬರ್ ಎಲ್ಲಾ ಅಲ್ಲಿನ ಫೈಲಿನಾಗ ಸರಿಯಾಗಿ ಐತಿ, ಅದನ್ನ ಒಯ್ದು ತೋರಸ್ತಾಳಂತ" ಎಂದರು. ಆ ನಂಬರಿನ ಮಾತು ಕೇಳಿದಾಗಿನಿಂದ ನನಗೆ ಈ ಹೆದರಿಕೆ ಹತ್ತಿದೆ. ನಿನ್ನ ಅಪ್ಪನಿಗೆ ಹೇಳಿದೆ, ಆ ಫೈಲ್ ಒಯ್ಯಬೇಡ ಅನ್ನಿರಿ ಎಂದು. "ಆಕೀ ಓದಿದಾಕಿ, ಸರ್ಕಾರಿ ನೌಕರಿಯಾಗ ಅದಾಳ, ನಿನಗೇನ್ ತಿಳೀತೈತಿ, ಸುಮ್ಕಿರು" ಎಂದು ಟವೆಲ್ ಕೊಡವಿಕೊಂಡು ಹೋದರು. ಅವರಿಗೆ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದರೆ ಸುಮ್ಮನಿರುತ್ತಿರಲಿಲ್ಲ.

ನಾನೇ ಬಂದು ಹೇಳಬೇಕಿತ್ತು ಎನ್ನುತ್ತೀಯೇನೋ. ಬಂದಿದ್ದೆನಲ್ಲ, ಹೋದ ಭಾನುವಾರ! ಹಾವೇರಿಯಲ್ಲಿ ಬಸ್ ಬದಲಿಸಿ, ನಿನಗೆ ಇಷ್ಟ ಎಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಶಿಗ್ಗಾವಿಗೆ ಬಂದು ನಿನ್ನ ಬಾಗಿಲು ಬಡಿದೆ. ಸ್ಕೂಟಿ ಹೊರಗಿತ್ತು. ನಿನ್ನ ಚಪ್ಪಲಿಯೂ ಹೊರಗಿದ್ದವು. ಒಳಗೆ ಫ್ಯಾನ್ ತಿರುಗುವ ಸಪ್ಪಳ ಕೇಳುತ್ತಿತ್ತು. ನಿನ್ನ ಮನೆಯ ಮಾಲಕಿ ಮೇಲಿನಿಂದ ಬಗ್ಗಿ ನೋಡಿ, "ಇಲ್ಲರಿ, ಡ್ಯೂಟಿಗೆ ಹೋಗ್ಯಾರ" ಎಂದಳು. ಭಾನುವಾರ ಎಂಥ ಡ್ಯೂಟಿ ಎಂದು ನಾನು ಕೇಳಲಿಲ್ಲ. ಹೋಳಿಗೆಯ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಬಂದೆ. ತಿಂದೆಯಾ? ಡಬ್ಬಿ ವಾಪಸು ಕೊಡುವುದೇನೂ ಬೇಡ.

ನಿನ್ನ ಸಿಟ್ಟು ಸುಳ್ಳಲ್ಲ. ಗದ್ದದ ಮೇಲೆ ನಾಲ್ಕು ಕೂದಲು ಬಂದರೆ ಪಾರ್ಲರಿನಲ್ಲಿ ದಾರದಿಂದ ತೆಗೆಸಿಕೊಂಡು ಬಂದು ನಿನ್ನ ಪಾಡಿಗೆ ನೀನು ಇದ್ದವಳು. ಹಾರ್ಮೋನಿನದು, ಗುಳಿಗೆ ನುಂಗುತ್ತಿದ್ದೇನೆ, ಬಿಡವ್ವ ಎಂದು ಎಷ್ಟು ಸಲ ಹೇಳಿದೆ. ನಾನು ಬಿಡಲಿಲ್ಲ. ರಾಣೆಬೆನ್ನೂರಿನವರು ನೋಡಲು ಬರುತ್ತಾರೆ, ಅಷ್ಟರೊಳಗೆ ಒಂದು ಸಲ ಲೇಸರ್ ಮಾಡಿಸಿಬಿಡೋಣ ಎಂದು ಬೆನ್ನು ಹತ್ತಿದವಳು ನಾನು. ಕರೆದುಕೊಂಡು ಹೋದವಳೂ ನಾನು. ಅಷ್ಟಾದ ಮೇಲೆ ನೀನು ಒಳಗಿನಿಂದ ಗದ್ದಕ್ಕೆ ಬರ್ಫ ಹಿಡಿದುಕೊಂಡು ಅಳುತ್ತ ಹೊರಬಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು? "ಇನ್ನ ಅವರಿಗೆ ಏನ್ ಹೇಳೂದವ್ವ?" ಎಂದೆ. ನೋವಾಯಿತಾ ಎಂದು ಕೇಳಲಿಲ್ಲ. ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ನೀನು ಬಸ್ಸಿನಲ್ಲಿ ಹಾವೇರಿ ಬರುವತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮನೆಗೆ ಬಂದು ನೋಡಿದರೆ ಎಡಗಡೆ ನಾಲ್ಕು ಗುಳ್ಳೆ ಎದ್ದಿದ್ದವು, ನೀರು ತುಂಬಿಕೊಂಡು, ಒಂದೊಂದೂ ಎಂಟಾಣೆಯಷ್ಟು. ನಿನಗೆ ದಡಾರ ಬಂದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಈಗ ಮುಖ್ಯ ಸುದ್ದಿ ಹೇಳುತ್ತೇನೆ, ಸಿಟ್ಟಾಗದೆ ಓದು. ಮಂಗಳವಾರ ನಾನು ಅಂಗಡಿ ಮುಚ್ಚಿ ಹಾವೇರಿಗೆ ಹೋಗಿದ್ದೆ. ಅಲ್ಲಿ ಫರ್ಹತ ಎಂದು ಚರ್ಮದ ಡಾಕ್ಟರು ಇದ್ದಾರೆ, ಹೆಣ್ಣುಮಗಳು, ನನ್ನ ಹತ್ತಿರ ಒಮ್ಮೆ ಬ್ಲೌಸ್ ಪೀಸ್ ಒಯ್ದಿದ್ದರು. ಚೀಟಿ ಮಾಡಿಸಿ ಎರಡು ತಾಸು ಕುಳಿತೆ. ಫೋನಿನಲ್ಲಿದ್ದ ನಿನ್ನ ಫೋಟೋ ತೋರಿಸಿದೆ, ಗುಳ್ಳೆ ಒಡೆದ ಮೇಲೆ ನಿನ್ನ ಅಪ್ಪ ತೆಗೆದದ್ದು. ಅವರು ದೊಡ್ಡದು ಮಾಡಿ ನೋಡಿದರು. ಹುಡುಗಿಯ ಬಣ್ಣ ಯಾವುದು ಎಂದು ಕೇಳಿದರು. ನನ್ನ ಬಾಯಿ ಇದೆಯಲ್ಲ, ತಾನಾಗಿಯೇ ಹೇಳಿಬಿಟ್ಟಿತು: "ಎಣ್ಣೆಗೆಂಪರಿ." ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿ ನಕ್ಕರು. "ಅದು ಬಯೋಡಾಟಾದಾಗಿನ ಬಣ್ಣರಿ ಅಕ್ಕಾರ. ನಾ ಚರ್ಮದ್ದು ಕೇಳಾಕತ್ತೇನಿ" ಎಂದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ನೋಡು ಶೈಲಾ, ಬಣ್ಣ ನನಗೆ ತಿಳಿಯುವುದಿಲ್ಲ ಎನ್ನುವ ಹಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೇನೆ. ಗಿಳಿಹಸಿರು ಯಾವುದು, ಎಲೆಹಸಿರು ಯಾವುದು, ಈರುಳ್ಳಿ ಬಣ್ಣಕ್ಕೂ ಗುಲಾಬಿಗೂ ಎಷ್ಟು ಅಂತರ, ಕಣ್ಣು ಮುಚ್ಚಿ ಹೇಳುತ್ತೇನೆ. ಸೀರೆ ತಂದವರನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಲು ಬಿಡುವುದಿಲ್ಲ, ಬಾಗಿಲಿಗೆ ಕರೆದು ಬಿಸಿಲಿನಲ್ಲಿ ಹಿಡಿದು ನೋಡಿಯೇ ಅರಿವೆ ಹರಿಯುತ್ತೇನೆ. ಅಂಥವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಣ್ಣ ಹೇಳಲು ಬರಲಿಲ್ಲ. ನೀನು ಹುಟ್ಟಿದ ದಿನ ನಿನ್ನ ಅಜ್ಜಿ ದೀಪ ಹತ್ತಿರ ಹಿಡಿದು ನೋಡಿ, ಮತ್ತೆ ಕೆಳಗಿಟ್ಟು, "ಎಣ್ಣೆಗೆಂಪು ಅದಾಳ ಬಿಡು" ಎಂದರು. ಆ ಬಿಡು ಎಂಬುದು ನನಗೆ ತಿಳಿಯಿತು. ಅವತ್ತಿನಿಂದ ಅದೇ ಮಾತನ್ನು ಹಿಡಿದುಕೊಂಡೆ. ಶಾಲೆಯಲ್ಲಿ ಹುಡುಗರು ಏನೋ ಅಂದರು ಎಂದು ನೀನು ಅಳುತ್ತ ಬಂದಾಗಲೂ ಅದನ್ನೇ ಹೇಳಿದೆ. ನೋಡಲು ಬಂದ ಏಳು ಮನೆಯವರಿಗೂ ಅದನ್ನೇ ಹೇಳಿದೆ. ಕೆಂಪು ಎಂಬ ಅಕ್ಷರ ಅದರೊಳಗೆ ಇದೆಯಲ್ಲ, ಅಷ್ಟೇ ಸಾಕಿತ್ತು ನನಗೆ.

ಡಾಕ್ಟರು ನನ್ನ ಕೈ ಹಿಡಿದು, ತೋಳು ಮೇಲೆ ಮಾಡಿ ನೋಡಿದರು. ನಿಮ್ಮ ಮಗಳು ನಿಮ್ಮ ಹಾಗೇ ಇದ್ದಾಳಾ ಎಂದರು. ಹೌದು ಎಂದೆ. ಬಿಸಿಲಿಗೆ ಹೋದರೆ ಕೆಂಪಾಗಿ ಸಿಪ್ಪೆ ಏಳುತ್ತದೋ, ಸುಮ್ಮನೆ ಕಪ್ಪಾಗುತ್ತದೋ ಎಂದರು. ಕಪ್ಪಾಗುತ್ತದೆ, ಜನವರಿಯಲ್ಲಿ ಬೆಳೆ ಸಮೀಕ್ಷೆಗೆ ಹೊಲ ಹೊಲ ತಿರುಗಿ ಮತ್ತೂ ಕಪ್ಪಾಗಿದ್ದಳು ಎಂದೆ. ಅಲ್ಲಿ ನಿಜ ಹೇಳಿದೆ. ಆಗ ಅವರು ಹೇಳಿದ್ದನ್ನು ನಾನು ಬಸ್ಸಿನಲ್ಲಿ ಟಿಕೀಟಿನ ಹಿಂದೆ ಬರೆದುಕೊಂಡು ಬಂದಿದ್ದೇನೆ, ಇಲ್ಲಿ ಇಳಿಸುತ್ತೇನೆ. "ಚರ್ಮದಾಗ ಆರು ನಂಬರ್ ಅದಾವ್ರಿ. ಒಂದು ಅಂದ್ರ ಹಾಲಿನಂಥ ಬಿಳಿ, ಆರು ಅಂದ್ರ ಭಾಳ ಕಪ್ಪು. ನಿಮ್ಮ ಮಗಳು ಐದು. ಲೇಸರ್ ಅಂದ್ರ ಬೆಳಕು, ಅದಕ್ಕ ಕೂದಲಾ ಯಾವುದು ಚರ್ಮ ಯಾವುದು ತಿಳಿಯಂಗಿಲ್ಲ. ಕಪ್ಪು ಎಲ್ಲಿ ಐತಿ ಅಲ್ಲಿ ಕಾವಾಗ್ತೈತಿ. ಬಿಳೀ ಮಂದಿಗೆ ಕಪ್ಪು ಅನ್ನೂದು ಕೂದಲದಾಗ, ಅದರ ಬೇರಿನಾಗ ಅಷ್ಟ. ನಮ್ಮಂಥವರಿಗೆ ಮ್ಯಾಲಿನ ಚರ್ಮದಾಗೂ ಐತಿ. ಬೇರಿಗೆ ಮುಟ್ಟಬೇಕಾದ ಕಾವು ಮ್ಯಾಲೇ ನಿಂತು ಅಲ್ಲೇ ಸುಡ್ತೈತಿ." ಬಿಸಿಲಿಗೆ ಕಪ್ಪಾಗಿದ್ದಾಗಂತೂ ಮುಟ್ಟಲೇಬಾರದಂತೆ. ಒಂದು ತಿಂಗಳಾದರೂ ಬಿಸಿಲು ತಪ್ಪಿಸಿ ಆಮೇಲೆ ಮಾಡಬೇಕಂತೆ.

ಕಪ್ಪಗಿದ್ದವರು ಲೇಸರ್ ಮಾಡಿಸಲೇಬಾರದಾ ಎಂದು ಕೇಳಿದೆ. ಹಾಗೇನಿಲ್ಲ ಎಂದರು. ನಮಗೆಂದೇ ಬೇರೆ ಮಷೀನು ಇವೆಯಂತೆ, ಅವುಗಳ ಬೆಳಕು ಆಳಕ್ಕೆ ಇಳಿಯುತ್ತದಂತೆ. ಕಾವು ಕಡಿಮೆ ಇಟ್ಟು, ಸಾವಕಾಶವಾಗಿ, ಚರ್ಮಕ್ಕೆ ತಂಪು ಕೊಡುತ್ತ ಮಾಡಬೇಕಂತೆ. ಮೊದಲು ಗದ್ದದ ಕೆಳಗೆ ಕಾಣದ ಕಡೆ ಒಂದಿಷ್ಟು ಮಾಡಿ, ಕೆಲವು ವಾರ ಕಾದು, ಏನೂ ಆಗದಿದ್ದರೆ ಮುಂದಿನದು. ನಂಬರ್ ತಪ್ಪಾದರೆ ಮಷೀನು ಎಷ್ಟೇ ಹೊಸದಿರಲಿ, ಡಾಕ್ಟರು ಎಷ್ಟೇ ಜಾಣರಿರಲಿ, ಸುಡುತ್ತದೆ ಎಂದರು. ನಿನ್ನ ಗದ್ದದ ಕಪ್ಪು ಕಲೆ ತಿಂಗಳುಗಟ್ಟಲೆ ಹಿಡಿದರೂ ತಿಳಿಯಾಗುವ ಸಂಭವವಿದೆಯಂತೆ. ನಡುವೆ ಬೆಳ್ಳಗೆ ಒಂದು ಚುಕ್ಕೆ ಕಾಣುತ್ತಿದೆಯಲ್ಲ, ಅದರ ಮಾತು ಈಗಲೇ ಹೇಳಲಾಗದಂತೆ. ಈ ಗಾಯ ಪೂರ್ತಿ ಮಾಯುವ ಮೊದಲು ಅದರ ಮೇಲೆ ಇನ್ನೊಮ್ಮೆ ಬೆಳಕು ಬಿದ್ದರೆ, ಅದೂ ಇಡೀ ಗದ್ದ, ಮೇಲ್ತುಟಿ, ಕೆನ್ನೆ ಎಲ್ಲ ಸೇರಿ ಎನ್ನುತ್ತ ಡಾಕ್ಟರು ತಲೆ ಅಲ್ಲಾಡಿಸಿದರು. ಆ ತಲೆ ಅಲ್ಲಾಡಿಸಿದ್ದೇ ನನ್ನ ಕಣ್ಣಮುಂದೆ ಇದೆ.

ಆಮೇಲೆ ಒಂದು ಮಾತು ಕೇಳಿದರು. "ಫೈಲಿನಾಗ ಎಷ್ಟನೇ ನಂಬರ್ ಬರದಾರ?" ಮೂರು ಎಂದೆ. "ಮೂರು ಅಂತ ಯಾರ್ ಹೇಳಿದ್ರು?" ಎಂದರು. ಗೊತ್ತಿಲ್ಲರಿ ಎಂದೆ. ಅವರ ಟೇಬಲ್ಲಿನ ಮೇಲಿದ್ದ ನೀರನ್ನು ಕೇಳದೆಯೇ ಎತ್ತಿ ಕುಡಿದೆ.

ಮಗಳೇ, ನಿನಗೆ ಕೈಮುಗಿದು ಕೇಳುತ್ತೇನೆ. ಸೋಮವಾರ ಹೋಗಬೇಡ. ನನ್ನ ಮೇಲಿನ ಹಟಕ್ಕೆ ಹೋಗಿಯೇ ಹೋಗುತ್ತೇನೆ ಎಂದರೆ, ಆ ಹಳೆಯ ಫೈಲನ್ನು ಮನೆಯಲ್ಲಿಟ್ಟು ಹೋಗು. ಮುಖಕ್ಕೆ ಪೌಡರ್ ಗೀಡರ್ ಏನೂ ಹಚ್ಚಬೇಡ. ಕಿಟಕಿಯ ಹತ್ತಿರ ಕರೆದು ನೋಡಿರಿ ಎಂದು ಡಾಕ್ಟರಿಗೆ ಹೇಳು. ಬೆಳೆ ಸಮೀಕ್ಷೆಗೆ ತಿರುಗಿದ್ದನ್ನು ಹೇಳು, ಈಗಲೂ ದಿನಾ ಸ್ಕೂಟಿ ಮೇಲೆ ಬಿಸಿಲಲ್ಲಿ ಓಡಾಡುವುದನ್ನು ಹೇಳು. ಲಗ್ನ, ವರ, ರಾಣೆಬೆನ್ನೂರು, ಎಲ್ಲ ಹಾಳಾಗಿ ಹೋಗಲಿ. ಅವರಿಗೆ ನಿನ್ನೆಯೇ ಫೋನ್ ಮಾಡಿ, ನಮ್ಮ ಹುಡುಗಿಗೆ ಸದ್ಯ ಮನಸ್ಸಿಲ್ಲರಿ ಎಂದು ಹೇಳಿಬಿಟ್ಟೆ. ನಿನ್ನ ಅಪ್ಪ ಒಂದಿಷ್ಟು ಒದರಾಡಿದರು, ಒದರಾಡಲಿ. ಗದ್ದದ ಮೇಲೆ ಕೂದಲು ಬಂದರೆ ಬರಲಿ ಬಿಡು, ನನಗೂ ಈಗ ಎರಡು ಬಂದಿವೆ, ಇಬ್ಬರೂ ಕೂತು ಕಿತ್ತುಕೊಳ್ಳೋಣ.

ಹುಬ್ಬಳ್ಳಿಯ ಆ ಲೇಸರ್ ಹುಡುಗಿ, ಸವಣೂರಿನ ನಿಖತ, ಆಕೆಯನ್ನು ಕೆಲಸದಿಂದ ಬಿಡಿಸಿದ್ದಾರಂತೆ, ಅಲ್ಲಿಗೆ ಫೋನ್ ಮಾಡಿದಾಗ ಹೇಳಿದರು. ನೀನು ಬರೆದ ಅರ್ಜಿ ದವಾಖಾನೆಯ ಮಾಲಕರಿಗೆ ಮುಟ್ಟಿದೆ. "ಏನೂ ಕೇಳದೆ ನಂಬರ್ ಹಾಕಿದಳು" ಎಂದು ಬರೆದಿದ್ದೀಯಂತೆ. ಅದರ ಬಗ್ಗೆಯೂ ನಿನಗೆ ಹೇಳುವುದಿದೆ. ಹೇಗೆ ಹೇಳಲಿ ಎಂದು ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ.

ಈ ಪತ್ರವನ್ನು ಅಜ್ಜಪ್ಪನ ಕೈಯಲ್ಲಿ ಕೊಡುತ್ತೇನೆ. ಅದೇ, ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ನಮಗೆ ಅಸ್ತರು ತಂದುಕೊಡುವ ಅಜ್ಜಪ್ಪ. ಶಿಗ್ಗಾವಿಯಲ್ಲಿ ಇಳಿದು ನಿನ್ನ ಆಫೀಸಿಗೇ ಬರುತ್ತಾನೆ. ನಿನ್ನ ಕೈಗೇ ಕೊಡಬೇಕು, ಮಾಲಕಿಯ ಕೈಗೆ ಕೊಡಕೂಡದು ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಅವನೆದುರು ಹರಿದು ಒಗೆಯಬೇಡ, ಪಾಪ ವಯಸ್ಸಾದವನು, ಬಂದು ನನಗೆ ಹೇಳಲು ಸಂಕಟಪಡುತ್ತಾನೆ. ನೀರು ಹೆಚ್ಚು ಕುಡಿ. ಗಾಯದ ಸಿಪ್ಪೆಯನ್ನು ಉಗುರಿನಿಂದ ಕೆದರಬೇಡ, ನಿನಗೆ ಸಣ್ಣವಳಿದ್ದಾಗಿನಿಂದ ಆ ಚಟ. ನಿನ್ನ ಅಪ್ಪ ಆಶೀರ್ವಾದ ಹೇಳಿದ್ದಾರೆ. ಆ ಬಸವಣ್ಣ ನಿನ್ನ ಮುಖವನ್ನೂ ನಿನ್ನನ್ನೂ ಕಾಪಾಡಲಿ. ನನ್ನ ಆಯುಷ್ಯದಲ್ಲಿ ಎಷ್ಟು ಬೇಕೋ ಅಷ್ಟನ್ನು ಕಿತ್ತು ನಿನಗೆ ಕೊಡಲಿ.

ನಿನ್ನ ಹಾದಿ ಕಾಯುವ
ಅವ್ವ
(ಹಾಲವ್ವ)

ತಾ.ಕ.: ಅಜ್ಜಪ್ಪ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾನೆ, ಬಸ್ ತಪ್ಪುತ್ತದೆ ಎನ್ನುತ್ತಿದ್ದಾನೆ. ಈಗ ಬರೆಯದಿದ್ದರೆ ನಾನು ಎಂದೂ ಬರೆಯುವುದಿಲ್ಲ. ನಿಖತ ಕೇಳಿದ್ದಳು ಶೈಲಾ. ನೀನು ಒಳಗೆ ಗದ್ದಕ್ಕೆ ಮರಗಟ್ಟಿಸುವ ಮುಲಾಮು ಹಚ್ಚಿಸಿಕೊಂಡು ಮಲಗಿದ್ದಾಗ, ಕೈಯಲ್ಲಿ ಟ್ಯಾಬ್ ಹಿಡಿದು ಹೊರಗೆ ಬಂದು ನನ್ನನ್ನು ಕೇಳಿದಳು. ಬಿಸಿಲಿಗೆ ಹೋಗುತ್ತಾರಾ ಎಂದಳು. "ಆಫೀಸಿನಾಗ ಫ್ಯಾನ್ ಕೆಳಗ ಕುಂತು ಕೆಲಸ ಮಾಡ್ತಾಳ" ಎಂದೆ. ಬಿಸಿಲಿಗೆ ಕಪ್ಪಾಗುತ್ತಾರಾ ಎಂದಳು. "ನಮ್ಮ ಮನಿಯಾಗ ಯಾರೂ ಕಪ್ಪಾಗಂಗಿಲ್ಲ" ಎಂದೆ. ನೋಡಲು ಬಂದವರಿಗೆ ಹೇಳಿ ಹೇಳಿ ರೂಢಿಯಾದ ಮಾತು, ಎದುರಿಗಿದ್ದವಳು ವರನ ತಾಯಿಯಲ್ಲ, ದವಾಖಾನೆಯ ಹುಡುಗಿ ಎಂಬುದು ತಲೆಗೇ ಹೋಗಲಿಲ್ಲ. ಆಕೆ ಒಳಗೆ ಹೋಗಿ ನಿನ್ನನ್ನು ನೋಡಿ ಬಂದು, "ಅಮ್ಮಾರ, ನನಗ ಐದು ಅನಸ್ತೈತ್ರಿ" ಎಂದಳು. ನಾನು ಎದ್ದು ನಿಂತು, "ನನ್ನ ಮಗಳನ್ನ ಕರಿ ಅಂತೀಯೇನ, ಮ್ಯಾಲಿನವರನ್ನ ಕರಸು" ಎಂದು ಅಷ್ಟು ಜನರ ಎದುರು ಒದರಿದೆ. ಹುಡುಗಿ ಹೆದರಿ ಐದು ಅಳಿಸಿ ಮೂರು ಒತ್ತಿದಳು. ನಾನು ಪಕ್ಕದಲ್ಲಿ ನಿಂತು ನೋಡಿ, ಸರಿಯಾಯಿತು ಎಂದು ಕುಳಿತುಕೊಂಡೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಅರ್ಜಿಯಲ್ಲಿ ಆಕೆಯ ಹೆಸರು ಹೊಡೆದುಹಾಕಿ ನನ್ನದು ಬರೆ. ಆ ಮೂರು ನನ್ನದು, ನಿನ್ನದಲ್ಲ. ನೀನು ಕಪ್ಪು, ಮಗಳೇ. ನಾನು ಹೆತ್ತ ಹಾಗೇ ಕಪ್ಪಗೆ ಚಂದ ಇದ್ದೀಯ, ಇದನ್ನು ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನಿನಗೆ ಹೇಳಲಿಲ್ಲ. ಸೋಮವಾರ ಯಾರು ಕೇಳಿದರೂ ಐದು ಎನ್ನು. ಯಾರು ಹೇಳಿದರು ಎಂದರೆ, ನಮ್ಮವ್ವ ಹೇಳ್ಯಾಳ ಎನ್ನು.